ಮೂಕಯಂತ್ರಕ್ಕೆ ಬೆಳಕಿಂಡಿ

ಮತದಾನದ ದಿನ ಬೆಳಗಿನ ಜಾವದಲ್ಲಿ ಪ್ರತಿಯೊಂದು ಮತಗಟ್ಟೆಯೊಳಗೂ ಒಂದು ಸಣ್ಣ ವಿಧಿ ನಡೆಯುತ್ತದೆ. ಊರಿನವರಲ್ಲಿ ಹೆಚ್ಚಿನವರು ಅದನ್ನು ಕಂಡಿರಲಾರರು; ಆ ಹೊತ್ತಿಗೆ ಅವರು ಕೊಟ್ಟಿಗೆಯಲ್ಲಿ ದನಗಳಿಗೆ ಹುಲ್ಲು ಹಾಕುತ್ತಲೋ ಒಲೆ ಹೊತ್ತಿಸುತ್ತಲೋ ಇರುತ್ತಾರೆ. ಕಡೂರು ತಾಲ್ಲೂಕಿನ ಯಗಟಿಯಂಥ ಬಯಲುಸೀಮೆಯ ಹೋಬಳಿ ಊರನ್ನೇ ತೆಗೆದುಕೊಳ್ಳೋಣ. ಏಳು ಗಂಟೆಗೆ ಮತದಾನ ಆರಂಭವಾಗುವುದಾದರೆ, ಅದಕ್ಕೆ ತೊಂಬತ್ತು ನಿಮಿಷ ಮೊದಲೇ ಅಭ್ಯರ್ಥಿಗಳ ಏಜೆಂಟರು ಮತಗಟ್ಟೆಗೆ ಬಂದಿರಬೇಕು. ಅವರ ಕಣ್ಣೆದುರಿಗೆ ಅಧಿಕಾರಿಗಳು ಯಂತ್ರದಲ್ಲಿ ಕನಿಷ್ಠ 50 ಹುಸಿ ಮತಗಳನ್ನು ಹಾಕಿಸುತ್ತಾರೆ. ಇದಕ್ಕೆ ಅಣಕು ಮತದಾನವೆಂದು ಹೆಸರು. ಏಜೆಂಟರು ಬರೆದುಕೊಂಡ ಲೆಕ್ಕ, ಯಂತ್ರ ಹೇಳುವ ಲೆಕ್ಕ, ಕಾಗದದ ಚೀಟಿಗಳ ಲೆಕ್ಕ, ಈ ಮೂರೂ ತಾಳೆಯಾದ ಮೇಲೆ ಎಲ್ಲವನ್ನೂ ಅಳಿಸಿ, ಯಂತ್ರ ಸೊನ್ನೆ ತೋರಿಸುವುದನ್ನು ಎಲ್ಲರಿಗೂ ಕಾಣಿಸಿ, ಮೊಹರು ಮಾಡಿ, ಸಹಿ ಹಾಕಿಸಿಕೊಂಡು ಬಾಗಿಲು ತೆರೆಯುತ್ತಾರೆ.

ಈ ವಿಧಿಗೆ ಒಂದು ಹಿರಿಯ ಪರಂಪರೆಯುಂಟು. 1952ರ ಪ್ರಥಮ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಓದುಬರಹ ಬಾರದವರೂ ಚಿಹ್ನೆ ನೋಡಿ ಚೀಟಿ ಹಾಕಿದರು. ಮುಂದೆ ಎಲ್ಲ ಹೆಸರುಗಳೂ ಒಂದೇ ಚೀಟಿಗೆ ಬಂದುವು. ಮುದ್ರೆ ಒತ್ತಿ ಒಂದೇ ಪೆಟ್ಟಿಗೆಯಲ್ಲಿ ಹಾಕುವ ಕ್ರಮ ಬಂದಿತು. 1962ರಲ್ಲಿ ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ಮತದಾರರ ಬೆರಳಿಗೆ ಬಂದಿತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ದೇಶವೆಲ್ಲ ಈ ಜಿಲ್ಲೆಯ ಕಡೆಗೆ ನೋಡಿತಷ್ಟೆ. ಅಂದೂ ಮತವೆಂದರೆ ಕಾಗದವೇ. ಕ್ರಮ ಎಷ್ಟು ಬದಲಾದರೂ ಒಂದು ಪದ್ಧತಿ ಮಾತ್ರ ಬದಲಾಗಲಿಲ್ಲ: ಮತದಾನಕ್ಕೆ ಮುಂಚೆ ಪೆಟ್ಟಿಗೆಯ ಮುಚ್ಚಳ ತೆಗೆದು, ಅದು ಬರಿದೆಂದು ಎಲ್ಲ ಪಕ್ಷದವರಿಗೂ ತೋರಿಸುವುದು.

ಬರಿದಾದ ಪೆಟ್ಟಿಗೆಯನ್ನು ಪರೀಕ್ಷಿಸಲು ವಿದ್ಯೆ ಬೇಡ, ಕಣ್ಣಿದ್ದರೆ ಸಾಕು. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಆದರೆ ವಿದ್ಯುನ್ಮಾನ ಯಂತ್ರದ ಹುಣ್ಣು ಅಂಗೈಯಲ್ಲಿಲ್ಲ. ಅದರ ಮುಚ್ಚಳ ತೆಗೆದರೆ ಕಾಣುವುದು ಹಸಿರು ಹಲಗೆ, ಕಪ್ಪು ಬಿಲ್ಲೆಗಳು, ಸೀಸದ ಚುಕ್ಕೆಗಳು. ಸರಿಯಾದ ಬಿಲ್ಲೆಯೂ ಕೆಟ್ಟ ಬಿಲ್ಲೆಯೂ ನೋಟಕ್ಕೆ ಒಂದೇ. ಕೆಟ್ಟ ಗಾಡಿ ಕಿರುಗುಟ್ಟುತ್ತದೆ, ಕೆಟ್ಟ ಹಾಲು ನಾರುತ್ತದೆ. ಕೆಟ್ಟ ಗಣಕಮಂಡಲವಾದರೋ ಏನೂ ಆಗಿಲ್ಲವೆಂಬಂತೆ ತಪ್ಪು ಉತ್ತರವನ್ನು ಶಾಂತವಾಗಿ ಹೇಳುತ್ತದೆ. ಇಂಥ ಮೂಕಯಂತ್ರದಿಂದ ಅದರ ದೋಷವನ್ನು ಹೊರಡಿಸುವುದು ಹೇಗೆ? ಈ ಪ್ರಶ್ನೆಗೆ ಮನುಷ್ಯ ಉತ್ತರ ಹುಡುಕಿದ ಕಥೆಗೆ ಸುಮಾರು ಎಂಬತ್ತು ವರ್ಷಗಳಾದುವು. ಯಗಟಿಯ ಮತಗಟ್ಟೆಯಲ್ಲಿ ನಡೆಯುವ ಆ ಬೆಳಗಿನ ವಿಧಿಯೂ ಅದೇ ಕಥೆಯ ಒಂದು ಅಧ್ಯಾಯ.

ಮೊದಮೊದಲ ಗಣಕಗಳು ಇಷ್ಟು ಮೂಕವಾಗಿರಲಿಲ್ಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 2 ಎಂಬ ಯಂತ್ರದ ಒಂದು ರಿಲೇಯೊಳಗೆ ಸತ್ತ ಪತಂಗವೊಂದು ಸಿಕ್ಕಿಬಿದ್ದಿತು. ಅಲ್ಲಿದ್ದವರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಯಂತ್ರದ ದೋಷಕ್ಕೆ ಹುಳು ಎನ್ನುವ ವಾಡಿಕೆ ಇಂಗ್ಲಿಷಿನಲ್ಲಿ ಅದಕ್ಕಿಂತ ಹಳೆಯದು. ಆದರೆ ಕಣ್ಣಿಗೆ ಕಾಣುವ ಹುಳುವೇ ಸಿಕ್ಕಿದ್ದು ಅವರಿಗೆ ತಮಾಷೆಯಾಗಿರಬೇಕು. 1946ರಲ್ಲಿ ಲೋಕಕ್ಕೆ ತೋರಿಸಲಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದುವು. ಎರಡು ದಿನಕ್ಕೊಂದರಂತೆ ಯಾವುದಾದರೊಂದು ಕೊಳವೆ ಕೈಕೊಡುತ್ತಿತ್ತು. ಯಾವುದು ಕೆಟ್ಟಿತೆಂದು ಪತ್ತೆಹಚ್ಚಿ, ತೆಗೆದು, ಬೇರೊಂದು ಹಾಕಿದರೆ ಆಯಿತು.

ಮಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ಜೇ ಫಾರೆಸ್ಟರ್ ಮುಂದಾಳಾಗಿ ಕಟ್ಟಿದ ವರ್ಲ್‌ವಿಂಡ್ ಎಂಬ ಗಣಕದಲ್ಲಿ ಇನ್ನೊಂದು ಜಾಣತನ ಕಾಣಿಸಿತು. ಅದು ಎಡೆಬಿಡದೆ ಓಡಬೇಕಾದ ಯಂತ್ರ. ನಡುವೆ ಕೈಕೊಟ್ಟರೆ ನಡೆಯದು. ಆದ್ದರಿಂದ ಅಲ್ಲಿನವರು ಬಿಡುವಿನ ಹೊತ್ತಿನಲ್ಲಿ ವಿದ್ಯುತ್ತಿನ ಒತ್ತಡವನ್ನು ಬೇಕೆಂದೇ ಏರಿಸಿ ಇಳಿಸಿ ನೋಡುತ್ತಿದ್ದರು. ಬಲವಾದ ಕೊಳವೆ ತಾಳಿಕೊಳ್ಳುತ್ತಿತ್ತು; ಸವೆದದ್ದು ಆಗಲೇ ಮುಗ್ಗರಿಸಿ ತನ್ನ ಗುಟ್ಟು ಬಿಟ್ಟುಕೊಡುತ್ತಿತ್ತು. ಎತ್ತನ್ನು ಕೊಳ್ಳುವ ರೈತ ಹಲ್ಲು ನೋಡುವುದಷ್ಟೇ ಅಲ್ಲ, ನೊಗಕ್ಕೆ ಕಟ್ಟಿ ನಾಲ್ಕು ಸಾಲು ಹೊಡೆಸಿ ನೋಡುತ್ತಾನೆ, ಇದೂ ಹಾಗೆಯೇ. ಬೇಕಾದ ದಿನ ಕೆಡುವುದಕ್ಕಿಂತ ಮುಂಚೆಯೇ ಕೆಡಿಸಿ ನೋಡುವ ಈ ನೀತಿ ಇಂದಿಗೂ ಪರೀಕ್ಷಾಶಾಸ್ತ್ರದ ಒಂದು ಕಂಬ.

ಕೊಳವೆಗಳು ಹೋಗಿ ಟ್ರಾನ್ಸಿಸ್ಟರುಗಳು ಬಂದುವು. ಅವು ಕುಗ್ಗುತ್ತ ಕುಗ್ಗುತ್ತ ಸಾವಿರ, ಲಕ್ಷಗಳ ಲೆಕ್ಕದಲ್ಲಿ ಒಂದೇ ಸಿಲಿಕಾನ್ ಬಿಲ್ಲೆಯೊಳಗೆ ಸೇರಿದುವು. ಕೈಯಿಟ್ಟು ಮುಟ್ಟುವ ಕಾಲ ಮುಗಿಯಿತು. ಒಳಗಿನದನ್ನು ಹೊರಗಿನ ಕಾಲುಗಳ ಮೂಲಕವೇ ತಿಳಿಯಬೇಕು. ಎಲ್ಲ ಬಗೆಯ ಪ್ರಶ್ನೆಯನ್ನೂ ಕೇಳಿ ಎಲ್ಲ ಉತ್ತರವನ್ನೂ ತಾಳೆ ನೋಡಿದರಾಗದೆ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕೋಣ. ಸೊನ್ನೆ ಅಥವಾ ಒಂದು ಎಂಬ ಎರಡೇ ಬೆಲೆಗಳಿರುವ 16 ತಂತಿಗಳು ಒಳಹೋದರೆ 65,536 ಬಗೆ. 32 ತಂತಿಗಳಾದರೆ 429 ಕೋಟಿಗೂ ಮೀರುತ್ತದೆ. 64 ತಂತಿಗಳಾದರೆ, ಕ್ಷಣಕ್ಕೆ ನೂರು ಕೋಟಿ ಪ್ರಶ್ನೆಗಳಂತೆ ಕೇಳಿದರೂ 580 ವರ್ಷಕ್ಕೆ ಕಡಿಮೆಯಿಲ್ಲದೆ ಬೇಕಾಗುತ್ತದೆ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಆರಂಭಿಸಿದ್ದರೆ ಇದೀಗ ಮುಗಿಯುತ್ತಿತ್ತು!

ಆದ್ದರಿಂದ ಎಲ್ಲವನ್ನೂ ಕೇಳುವುದು ಬಿಟ್ಟು, ತಕ್ಕದ್ದನ್ನು ಮಾತ್ರ ಕೇಳುವ ವಿದ್ಯೆ ಹುಟ್ಟಬೇಕಾಯಿತು. 1959ರಲ್ಲಿ ಎಲ್ಡ್ರೆಡ್ ಎಂಬಾತ ಪ್ರಕಟಿಸಿದ ಲೇಖನ ಇದಕ್ಕೆ ದಾರಿ ತೋರಿತು. ಯಂತ್ರ ಒಟ್ಟಿನಲ್ಲಿ ಸರಿಯಾಗಿ ಕೂಡಿ ಕಳೆಯುತ್ತದೆಯೇ ಎಂದು ನೋಡುವುದಲ್ಲ. ಅದರೊಳಗಿನ ಒಂದೊಂದು ಬಿಡಿಭಾಗವೂ ಕೆಟ್ಟಿದ್ದರೆ ಅದನ್ನು ಬಯಲಿಗೆಳೆಯುವ ಪ್ರಶ್ನೆ ಯಾವುದೆಂದು ಹುಡುಕುವುದು, ಇದು ಆತನ ಸೂತ್ರ. ಮುಂದೆ ಬಂದವರು ದೋಷವನ್ನು ಇನ್ನೂ ಸರಳವಾಗಿ ಕಲ್ಪಿಸಿಕೊಂಡರು: ಯಾವುದೋ ಒಂದು ತಂತಿ ಸದಾ ಸೊನ್ನೆಯಲ್ಲೇ ಅಥವಾ ಸದಾ ಒಂದರಲ್ಲೇ ಅಂಟಿಕೊಂಡಿದೆ, ಅಷ್ಟೆ.

ಕೆರೆಯ ಕೆಳಗಿನವರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು. ಸಖರಾಯಪಟ್ಟಣದ ಅಯ್ಯನಕೆರೆಯಂಥ ಕೆರೆಯೊಂದನ್ನು ನೆನೆಯಿರಿ. ತೂಬಿನಿಂದ ಹೊರಟ ನೀರು ಕಾಲುವೆ, ಕವಲುಕಾಲುವೆ, ಮಡೆಗಳನ್ನು ಹಾದು ಕೊನೆಯ ಗದ್ದೆಗೆ ಬರುತ್ತದೆ. ನಡುವೆ ಎಲ್ಲೋ ಪೊದೆಯೊಳಗಿನ ಒಂದು ಮಡೆ ಹೂಳು ಕಟ್ಟಿ ಮುಚ್ಚಿಹೋಗಿದೆಯೆಂಬ ಅನುಮಾನ. ಅಲ್ಲಿಗೆ ಹೋಗಲಾಗದು; ಕೊನೆಯ ಗದ್ದೆಯಲ್ಲಿ ನಿಂತೇ ತಿಳಿಯಬೇಕು. ಆಗ ಎರಡು ಕೆಲಸ ಮಾಡಬೇಕಾಗುತ್ತದೆ. ಒಂದು, ಆ ಮಡೆಗೆ ನೀರು ಬಂದೇ ತೀರುವಂತೆ ಮೇಲಿನ ಕಾಲುವೆಗಳನ್ನು ತೆರೆಯಬೇಕು. ಎರಡು, ಬೇರೆ ಕವಲುಗಳ ನೀರು ಕೊನೆಯ ಗದ್ದೆಗೆ ಬೀಳದಂತೆ ಕಟ್ಟಬೇಕು. ಬಿದ್ದರೆ ಗದ್ದೆ ಒದ್ದೆಯಾದದ್ದು ಯಾವ ನೀರಿನಿಂದ ಎಂದು ಹೇಳುವವರಾರು? ದೋಷವನ್ನು ಕೆಣಕುವುದು, ಕೆಣಕಿದ ದೋಷದ ಸುದ್ದಿಯನ್ನು ಬಾಗಿಲವರೆಗೆ ತರುವುದು, ಗಣಕಪರೀಕ್ಷೆಯ ಒಳಗುಟ್ಟು ಇವೆರಡೇ.

1966ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಪಾಲ್ ರಾತ್ ಈ ಎರಡು ಕೆಲಸಗಳಿಗೂ ಬೀಜಗಣಿತದಂಥ ಒಂದು ಲೆಕ್ಕವನ್ನೇ ಕಟ್ಟಿಕೊಟ್ಟರು. ಸರಿಯಾದ ಯಂತ್ರದಲ್ಲಿ ಒಂದು, ಕೆಟ್ಟ ಯಂತ್ರದಲ್ಲಿ ಸೊನ್ನೆ ಎಂಬ ವ್ಯತ್ಯಾಸಕ್ಕೇ ಅವರು ‘ಡಿ’ ಎಂಬ ಒಂದು ಅಕ್ಷರವನ್ನು ಗುರುತಾಗಿ ಇಟ್ಟು, ಆ ಅಕ್ಷರವನ್ನು ಮಂಡಲದ ಕೊನೆಯವರೆಗೆ ನಡೆಸಿಕೊಂಡು ಹೋಗುವ ದಾರಿ ಹೇಳಿದರು. 1975ರಲ್ಲಿ ಇಬಾರಾ ಮತ್ತು ಸರ್ತಾಜ್ ಸಾಹ್ನಿ ಎಂಬ ವಿದ್ವಾಂಸರು, ಎಲ್ಲ ಮಂಡಲಗಳಿಗೂ ಬೇಗನೆ ಪರೀಕ್ಷೆ ಹುಡುಕಿಕೊಡುವ ಏಕೈಕ ಉಪಾಯ ದೊರೆಯುವ ಆಸೆ ತೀರ ಕಡಿಮೆಯೆಂದು ಗಣಿತದಿಂದ ತೋರಿಸಿದರು. ಆದರೂ ಕೆಲಸ ನಿಲ್ಲಲಿಲ್ಲ. 1981ರಲ್ಲಿ ಪ್ರಭು ಗೋಯೆಲ್ ಎಂಬ ಭಾರತೀಯ ಮೂಲದ ಇಂಜಿನಿಯರು ರಾತ್‌ರ ಕ್ರಮಕ್ಕಿಂತ ಎಷ್ಟೋ ಬೇಗ ನಡೆಯುವ ಮತ್ತೊಂದು ಕ್ರಮವನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1966ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಅಮೆರಿಕಕ್ಕೆ ಹೋದ ವಿಶ್ವಾನಿ ಅಗರವಾಲರು ಈ ಶಾಸ್ತ್ರಕ್ಕೆ ಮೀಸಲಾದ ಪತ್ರಿಕೆಯೊಂದನ್ನು 1990ರಲ್ಲಿ ಆರಂಭಿಸಿ, ಮೈಕಲ್ ಬುಶ್ನೆಲ್‌ರೊಡನೆ ಪಠ್ಯವನ್ನೂ ಬರೆದರು.

ಇವೆಲ್ಲಕ್ಕಿಂತ ದೊಡ್ಡ ತಿರುವು ಬೇರೊಂದು ಕಡೆಯಿಂದ ಬಂದಿತು. ಕಟ್ಟಿದ ಮೇಲೆ ಪರೀಕ್ಷೆಗೆ ತಿಣುಕುವುದಕ್ಕಿಂತ, ಪರೀಕ್ಷೆಗೆ ಒದಗುವಂತೆಯೇ ಏಕೆ ಕಟ್ಟಬಾರದು? 1977ರಲ್ಲಿ ಐಬಿಎಂನ ಐಕೆಲ್‌ಬರ್ಗರ್ ಮತ್ತು ವಿಲಿಯಮ್ಸ್ ವಿವರಿಸಿದ ಕ್ರಮದಲ್ಲಿ, ಬಿಲ್ಲೆಯೊಳಗಿನ ನೆನಪಿನ ಕೋಶಗಳನ್ನೆಲ್ಲ ಪರೀಕ್ಷೆಯ ಹೊತ್ತಿನಲ್ಲಿ ಮಣಿಸರದಂತೆ ಒಂದಕ್ಕೊಂದು ಪೋಣಿಸಬಹುದು. ಸರದ ಒಂದು ತುದಿಯಿಂದ ಬೇಕಾದ ಬೆಲೆಗಳನ್ನು ಒಳಕ್ಕೆ ತುಂಬಿ, ಇನ್ನೊಂದು ತುದಿಯಿಂದ ಫಲವನ್ನು ಎಳೆದುಕೊಳ್ಳಬಹುದು. 1990ರಲ್ಲಿ ಹಲಗೆಯ ಮೇಲಿನ ಬಿಲ್ಲೆಗಳ ನಡುವಣ ಬೆಸುಗೆಗಳಿಗೂ ಇಂಥದೇ ಏರ್ಪಾಡು ಎಲ್ಲ ದೇಶಗಳೂ ಒಪ್ಪುವ ಮಾನಕವಾಯಿತು. ಈ ಹೆಚ್ಚುವರಿ ತಂತಿಗಳಿಂದ ಯಂತ್ರ ಒಂದು ಲೆಕ್ಕವನ್ನೂ ಹೆಚ್ಚಾಗಿ ಮಾಡುವುದಿಲ್ಲ. ಬೆಲೆ ಮಾತ್ರ ತುಸು ಏರುತ್ತದೆ. ಆದರೂ ತಯಾರಕರು ಒಪ್ಪಿದರು. ನಮ್ಮ ಹಳೆಯ ಮನೆಗಳಲ್ಲಿ ಅಡಿಗೆಮನೆಯ ಮೇಲೆ ಬೆಳಕಿಂಡಿ ಇಡುತ್ತಿದ್ದರಷ್ಟೆ. ಅದರಿಂದ ಅನ್ನ ಬೇಯುವುದಿಲ್ಲ. ಆದರೆ ಅನ್ನದಲ್ಲಿ ಕಲ್ಲಿದೆಯೇ ಎಂದು ನೋಡಲು ಅದೇ ಬೇಕು.

ಹಾಗೆಂದು ಪರೀಕ್ಷೆ ಎಲ್ಲವನ್ನೂ ಹಿಡಿಯುತ್ತದೆಯೆಂದಲ್ಲ. 1994ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಬಿಲ್ಲೆ ಕೆಲವು ಭಾಗಾಕಾರಗಳಲ್ಲಿ ತಪ್ಪುವುದನ್ನು ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಕಂಡುಹಿಡಿದರು. ಆ ಬಿಲ್ಲೆಗಳು ಸವೆದಿರಲಿಲ್ಲ, ಮುರಿದಿರಲಿಲ್ಲ; ನಕ್ಷೆಯಂತೆಯೇ ತಯಾರಾಗಿದ್ದುವು. ನಕ್ಷೆಯಲ್ಲೇ, ಭಾಗಾಕಾರದ ಕೋಷ್ಟಕದ ಕೆಲವು ಮನೆಗಳು ಬರಿದಾಗಿ ಉಳಿದಿದ್ದುವು. ಸಂಸ್ಥೆ 47.5 ಕೋಟಿ ಡಾಲರುಗಳ ನಷ್ಟವನ್ನು ಲೆಕ್ಕಕ್ಕೆ ಬರೆದುಕೊಂಡಿತು. ಮಾಡಿದವರ ಪರೀಕ್ಷೆಗೆ ಸಿಕ್ಕದ್ದು ಹೊರಗಿನವನೊಬ್ಬನ ಲೆಕ್ಕಕ್ಕೆ ಸಿಕ್ಕಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನಾಡಿಗೆ ಬರೋಣ.

ಮತಯಂತ್ರದ ಯೋಚನೆಯನ್ನು 1977ರಲ್ಲಿ ಮುಂದಿಟ್ಟವರು ಅಂದಿನ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಶಕ್ಧರ್. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಒಂದು ಮಾದರಿ ಮಾಡಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್, ಕಾರ್ಮಿಕ ಸಂಘಗಳ ಚುನಾವಣೆಗಳಲ್ಲಿ ಬಳಸಿ ನೋಡಿದ್ದ ತನ್ನ ಯಂತ್ರವನ್ನು 1981ರಲ್ಲಿ ಆಯೋಗದ ಮುಂದಿಟ್ಟಿತು. ಈ ಬೆಂಗಳೂರಿನ ಕೆಲಸದಲ್ಲಿ ಮುಂದಾಗಿದ್ದ ಇಂಜಿನಿಯರು ಎಸ್. ರಂಗರಾಜನ್. ಸಾಹಿತ್ಯಪ್ರಿಯರು ಅವರನ್ನು ಬೇರೊಂದು ಹೆಸರಿನಿಂದ ಬಲ್ಲರು: ತಮಿಳಿನ ಹೆಸರಾಂತ ಕಾದಂಬರಿಕಾರ ‘ಸುಜಾತಾ’ (1935–2008) ಅವರೇ. ಹಗಲು ಮಂಡಲಗಳ ನಡುವೆ ಕೆಲಸ ಮಾಡಿ, ಪತ್ತೇದಾರಿ ಕಥೆಗಳನ್ನೂ ಬರೆದ ಆ ಕೈಗೆ ಗುಟ್ಟು ಹೊರಡಿಸುವ ಕಲೆ ಎರಡು ಕಡೆಯಿಂದಲೂ ಒಲಿದಿತ್ತೆನ್ನಬೇಕು.

ಯಂತ್ರದ ಮೊದಲ ಪರೀಕ್ಷೆ ನಡೆದದ್ದು ನ್ಯಾಯಾಲಯದಲ್ಲಿ. 1982ರ ಮೇ ತಿಂಗಳಲ್ಲಿ ಕೇರಳದ ಪರೂರಿನ 50 ಮತಗಟ್ಟೆಗಳಲ್ಲಿ ಯಂತ್ರಗಳನ್ನು ಇಡಲಾಯಿತು. 1983ರ ಜನವರಿಯಲ್ಲಿ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಶಾಂತಿನಗರದವರೂ ಗುಂಡಿ ಒತ್ತಿದರು. ಪರೂರಿನಲ್ಲಿ 123 ಮತಗಳಿಂದ ಸೋತ ಅಭ್ಯರ್ಥಿ ನ್ಯಾಯಾಲಯದ ಮೆಟ್ಟಿಲೇರಿದರು. ಯಂತ್ರ ಬಳಸಲು ಶಾಸನದ ಆಧಾರವಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ 50 ಮತಗಟ್ಟೆಗಳಲ್ಲಿ ಕಾಗದದಿಂದಲೇ ಮರುಮತದಾನ ನಡೆದು ಫಲಿತಾಂಶ ತಿರುವುಮುರುವಾಯಿತು. ಶಾಸನದ ಕೊರತೆಯನ್ನು 1988ರ ತಿದ್ದುಪಡಿ ತುಂಬಿತು. ಅದು 1989ರ ಮಾರ್ಚಿನಲ್ಲಿ ಜಾರಿಗೆ ಬಂದಿತು. 2004ರ ಲೋಕಸಭಾ ಚುನಾವಣೆಯ ವೇಳೆಗೆ ದೇಶದ ಎಲ್ಲ ಮತಗಟ್ಟೆಗಳಲ್ಲೂ ಯಂತ್ರವೇ ಇತ್ತು. ಚೀಟಿ ಮಡಿಸಿ ಹಾಕಿ ಅಭ್ಯಾಸವಾಗಿದ್ದ ನಮ್ಮ ಹೋಬಳಿಗಳ ಅಜ್ಜಿಯರು ‘ಕುಂಯ್’ ಎಂಬ ಸದ್ದು ಕೇಳಿ ಹೊರಬಂದರು.

ಆ ಸದ್ದೇ ಸಾಕ್ಷಿ, ಆ ಕೆಂಪು ದೀಪವೇ ಪ್ರಮಾಣ. ಒಳಗೆ ನಮೂದಾದದ್ದು ಯಾವುದು ಎಂದು ಮತದಾರನಿಗೆ ಕಾಣುವಂತಿರಲಿಲ್ಲ. ಪರೀಕ್ಷೆಗಳು ಇರಲಿಲ್ಲವೆಂದಲ್ಲ. ಇಂದಿನ ಕ್ರಮವನ್ನೇ ನೋಡಿದರೆ, ಚುನಾವಣೆಗೆ ಬಹಳ ಮುಂಚೆ ಜಿಲ್ಲೆಯಲ್ಲಿ ಪ್ರಥಮ ಹಂತದ ತಪಾಸಣೆ ನಡೆಯುತ್ತದೆ. ಪಕ್ಷಗಳ ಪ್ರತಿನಿಧಿಗಳ ಮುಂದೆ ಪ್ರತಿ ಯಂತ್ರದ ಪ್ರತಿ ಗುಂಡಿಯನ್ನೂ ಒತ್ತಿ ನೋಡುತ್ತಾರೆ. ನೂರಕ್ಕೆ ಐದು ಯಂತ್ರಗಳನ್ನು ಹೆಚ್ಚು ದುಡಿಸುತ್ತಾರೆ: ಒಂದು ಪಾಲಿನಲ್ಲಿ 1,200, ಎರಡು ಪಾಲಿನಲ್ಲಿ 1,000, ಉಳಿದೆರಡರಲ್ಲಿ 500 ಹುಸಿ ಮತಗಳು. ನೊಗಕ್ಕೆ ಕಟ್ಟಿ ಸಾಲು ಹೊಡೆಸುವುದೆಂದರೆ ಇದೇ. ಅಂಟಿಕೊಂಡ ಗುಂಡಿ, ಸತ್ತ ದೀಪ, ಸೋತ ಬ್ಯಾಟರಿ, ಮರೆತುಹೋಗುವ ನೆನಪಿನ ಕೋಶ, ಇವು ಈ ಪರೀಕ್ಷೆಗೆ ಸಿಕ್ಕುತ್ತವೆ.

ಆದರೆ ಕೆಟ್ಟುಹೋದ ಯಂತ್ರ ಬೇರೆ, ಕೆಡಿಸಿದ ಯಂತ್ರ ಬೇರೆ. ರಾತ್‌ರ ಗಣಿತವೆಲ್ಲ ಮೊದಲನೆಯದಕ್ಕೆ ಸಲ್ಲುವಂಥದು. ದೋಷಕ್ಕೆ ಬುದ್ಧಿಯಿಲ್ಲ, ಅದು ಪರೀಕ್ಷಕನ ಕಣ್ಣು ತಪ್ಪಿಸಲಾರದು. ವಂಚನೆಗಾದರೆ ಬುದ್ಧಿಯುಂಟು, ಪರೀಕ್ಷೆಯ ಹೊತ್ತಿಗೆ ಸಾಧುವಾಗಿದ್ದು ಆಮೇಲೆ ಬಾಲ ಬಿಚ್ಚಬಹುದು. 2010ರಲ್ಲಿ ಹೈದರಾಬಾದಿನ ಹರಿ ಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್, ನೆದರ್ಲೆಂಡಿನ ರಾಪ್ ಗಾಂಗ್‌ಗ್ರೈಪ್ ಮತ್ತು ಸಂಗಡಿಗರು ಒಂದು ಮತಯಂತ್ರವನ್ನು ಬಿಚ್ಚಿ, ಫಲಿತಾಂಶ ತೋರಿಸುವ ಹಲಗೆಯ ಜಾಗದಲ್ಲಿ ತಮ್ಮದೇ ಹಲಗೆಯನ್ನು ಕೂರಿಸಿ ಸುಳ್ಳು ಲೆಕ್ಕ ತೋರಿಸಬಹುದೆಂದು ಪ್ರದರ್ಶಿಸಿದರು. ಯಂತ್ರ ಕೈಗೆ ಸಿಕ್ಕಿದರೆ ತಾನೇ ಈ ಮಾತು, ಮೊಹರು ಕಾವಲುಗಳ ನಡುವೆ ಅದು ಸಿಕ್ಕುವುದಿಲ್ಲ ಎಂಬುದು ಆಯೋಗದ ಉತ್ತರ. ಎರಡು ಮಾತಿನಲ್ಲೂ ತೂಕವುಂಟು. ವಂಚನೆಯ ವಿರುದ್ಧದ ಕಾವಲು ಮಂಡಲದೊಳಗಿಲ್ಲ. ಯಂತ್ರ ಯಾವ ಮತಗಟ್ಟೆಗೆ ಹೋಗುವುದೆಂದು ಮುಂಚೆ ತಿಳಿಯದಂತೆ ಹಂಚುವುದರಲ್ಲಿ, ಮೊಹರಿನಲ್ಲಿ, ಸಹಿಯಲ್ಲಿ, ಎದುರುಪಕ್ಷದವನ ಕಣ್ಣಿನಲ್ಲಿ ಅದು ಇದೆ.

ಕೊನೆಗೆ ಮತಯಂತ್ರಕ್ಕೂ ಬೆಳಕಿಂಡಿ ಬಂದಿತು. 2013ರ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲ ಬಾರಿಗೆ, ಒತ್ತಿದ ಗುಂಡಿಗೆ ತಕ್ಕ ಚೀಟಿಯೊಂದು ಅಚ್ಚಾಗಿ, ಗಾಜಿನ ಹಿಂದೆ ಏಳು ಸೆಕೆಂಡು ನಿಂತು, ಪೆಟ್ಟಿಗೆಗೆ ಬಿದ್ದಿತು. ಅದರ ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯ ಈ ಚೀಟಿ ಅಗತ್ಯವೆಂದಿತು. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ಚೀಟಿಗಳನ್ನು ಯಂತ್ರದ ಲೆಕ್ಕದೊಡನೆ ತಾಳೆ ನೋಡುತ್ತಾರೆ. ಇಂಜಿನಿಯರುಗಳು ಬಿಲ್ಲೆಯೊಳಗೆ ಪೋಣಿಸಿದ ಸರಕ್ಕೂ ಈ ಗಾಜಿನ ಕಿಂಡಿಗೂ ತತ್ತ್ವ ಒಂದೇ. ಅದು ಬಲ್ಲವರಿಗೆ, ಇದು ಎಲ್ಲರಿಗೆ.

ಬೆಳಕಿಂಡಿಗೂ ತನ್ನದೇ ಕಾಟವುಂಟು. 2018ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಕೈರಾನಾ ಮತ್ತು ಮಹಾರಾಷ್ಟ್ರದ ಭಂಡಾರಾ-ಗೋಂದಿಯಾ ಉಪಚುನಾವಣೆಗಳಲ್ಲಿ ಸುಮಾರು ಐದರಲ್ಲಿ ಒಂದು ಚೀಟಿಯಂತ್ರವನ್ನು ಬದಲಿಸಬೇಕಾಯಿತು. ಅತಿಯಾದ ಬೆಳಕು ಬಿದ್ದು ಅದರೊಳಗಿನ ಸಂವೇದಕಗಳು ಎಡವಿದ್ದುವು. ತಪಾಸಣೆಯ ಕೊಠಡಿಯಲ್ಲಿ ಸರಿಯಾಗಿದ್ದದ್ದು ಕಿಟಕಿಯ ಬಿಸಿಲಿನಲ್ಲಿ ತಪ್ಪಿತು. ಆದರೆ ಒಂದನ್ನು ಮರೆಯಬಾರದು: ಅದು ಎಲ್ಲರ ಕಣ್ಣೆದುರಿಗೆ ನಿಂತುಹೋದ ದೋಷ. ಸದ್ದಿಲ್ಲದೆ ತಪ್ಪು ಹೇಳುವ ಯಂತ್ರಕ್ಕಿಂತ ನಿಂತುಹೋಗುವ ಯಂತ್ರ ಲೇಸು.

ಇನ್ನೂ ಎರಡು ಕಡೆ ಕಿಂಡಿ ಚಿಕ್ಕದಾಯಿತೆಂದು ನಮಗೆ ತೋರುತ್ತದೆ. ಒತ್ತಿದ್ದೊಂದು, ಚೀಟಿಯಲ್ಲಿ ಬಂದದ್ದೊಂದು ಎಂದು ಮತದಾರ ದೂರಿದರೆ, ಬರೆಹದಲ್ಲಿ ಹೇಳಿಕೆ ಕೊಟ್ಟು ಎಲ್ಲರೆದುರು ಪರೀಕ್ಷಾಮತ ಹಾಕಬೇಕು; ದೂರು ಸುಳ್ಳೆಂದು ಕಂಡರೆ ಶಿಕ್ಷೆ. ಹುಡುಗಾಟಿಕೆಯ ದೂರನ್ನು ತಡೆಯಲು ಇದು ಬೇಕೆನ್ನುವವರುಂಟು. ಆದರೆ ಒಮ್ಮೆ ಕಾಣಿಸಿ ಮರುಗಳಿಗೆ ಮಾಯವಾಗುವ ದೋಷಗಳು ಪರೀಕ್ಷಾಶಾಸ್ತ್ರಕ್ಕೆ ಹೊಸವಲ್ಲ; ಸಡಿಲ ಬೆಸುಗೆ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕೂಡಬಲ್ಲದು. ಕಂಡದ್ದನ್ನು ಹೇಳಿದ ಕೂಲಿಯವನಿಗೆ ಶಿಕ್ಷೆಯ ಹೆದರಿಕೆ ಇರುವಾಗ ಅವನು ಬಾಯಿ ಬಿಟ್ಟಾನೆಯೆ? ಎರಡನೆಯದು, 2024ರ ಏಪ್ರಿಲ್ 26ರ ತೀರ್ಪು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಎರಡನೆಯ ಮತ್ತು ಮೂರನೆಯ ಸ್ಥಾನದ ಅಭ್ಯರ್ಥಿಗಳು ಬೇಡಿದರೆ ನೂರಕ್ಕೆ ಐದು ಯಂತ್ರಗಳ ನೆನಪಿನ ಬಿಲ್ಲೆಯನ್ನು ಪರಿಶೀಲಿಸಬೇಕೆಂದಿತು. ಪರಿಶೀಲಿಸುವವರು ತಯಾರಿಸಿದ ಸಂಸ್ಥೆಗಳ ಇಂಜಿನಿಯರುಗಳೇ. ಅವರ ನಿಷ್ಠೆಯನ್ನು ಶಂಕಿಸಬೇಕಾಗಿಲ್ಲ. ಪೆಂಟಿಯಂ ಬಿಲ್ಲೆಯನ್ನು ಮಾಡಿದವರೂ ನಿಷ್ಠರೇ ಆಗಿದ್ದರು. ತಪ್ಪು ಕಂಡದ್ದು ಮಾತ್ರ ಹೊರಗಿನವನಿಗೆ.

ಬಿಲ್ಲೆಯೊಳಗಿನ ಗಣಿತ ಯಗಟಿಯ ಏಜೆಂಟನಿಗೆ ತಿಳಿದಿರಬೇಕಾಗಿಲ್ಲ. ಎಲ್ಡ್ರೆಡ್, ರಾತ್, ಗೋಯೆಲ್ ಹೆಸರನ್ನೂ ಅವನು ಕೇಳಿರಲಿಕ್ಕಿಲ್ಲ. ಬೆಳಗಿನ ಐದೂವರೆಗೆ ಕಣ್ಣುಜ್ಜಿಕೊಂಡು ಬಂದು, 50 ಮತಗಳನ್ನು ತಾನೇ ಬರೆದುಕೊಂಡು, 50 ಚೀಟಿಗಳನ್ನು ತಾನೇ ಎಣಿಸಿ, ಸೊನ್ನೆಯನ್ನು ತಾನೇ ನೋಡಿ ಸಹಿ ಹಾಕುವುದು ಅವನ ಕೆಲಸ. ಅವನು ಬಾರದೆ ಮನೆಯಲ್ಲೇ ಉಳಿದರೆ, ಅಥವಾ ಬಂದೂ ಎಣಿಸದೆ ಸಹಿ ಹಾಕಿದರೆ, ಜಾಲಹಳ್ಳಿಯಲ್ಲಿ ಇಟ್ಟ ಬೆಳಕಿಂಡಿ ಇಲ್ಲಿ ಮುಚ್ಚಿದಂತೆಯೇ. ಕಿಂಡಿ ಇಟ್ಟವರು ಇಂಜಿನಿಯರುಗಳು; ಅದರಲ್ಲಿ ಇಣುಕಿ ನೋಡಬೇಕಾದವರು ನಾವು.